ಗೋಲಿನ ಮುಂದೆ ನಿಂತಾಕೆ



ನಮ್ಮ ಶಾಲೆಯ ಮೈದಾನದಲ್ಲಿ ಫುಟ್‌ಬಾಲ್ ಆಡುವಾಗ ಓಡಲಾಗದ ಹುಡುಗನನ್ನು ಗೋಲಿನಲ್ಲಿ ನಿಲ್ಲಿಸುತ್ತಿದ್ದುದು ನಿಮಗೆ ನೆನಪಿರಬಹುದು. ಚೆಂಡು ಬಿಟ್ಟರೆ ಎಲ್ಲರ ಬೈಗುಳವೂ ಅವನಿಗೇ, ಹಿಡಿದರೆ ಹೊಗಳುವವರಿಲ್ಲ. ಕಳೆದ ವಾರ ಮೊಮ್ಮಗಳು ಅಂತರ್ಜಾಲದಲ್ಲಿ 1999ರ ಮಹಿಳಾ ವಿಶ್ವಕಪ್ಪಿನ ಅಂತಿಮ ಪಂದ್ಯವನ್ನು ತೋರಿಸಿದಾಗ ಆ ಹುಡುಗ ಕಣ್ಣಮುಂದೆ ಬಂದ.

ಅಂದು ಚೀನಾದ ಗೋಲನ್ನು ಕಾಯುತ್ತಿದ್ದವರು ಗಾವ್ ಹಾಂಗ್. ಒಳ ಮಂಗೋಲಿಯದ ಹೊಹೊಟ್ ನಗರದಲ್ಲಿ 1967ರಲ್ಲಿ ಜನಿಸಿದವರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಅಂತಿಮ ಪಂದ್ಯದಲ್ಲಿ ಅಮೆರಿಕಕ್ಕೆ 2-1ರಿಂದ ಸೋತು ಬೆಳ್ಳಿ ಪದಕ ಪಡೆದ ತಂಡದಲ್ಲಿಯೂ ಅವರೇ ಗೋಲ್‌ಕೀಪರ್. ಮೂರು ವರ್ಷಗಳ ಬಳಿಕ ಮತ್ತೆ ಅದೇ ಎದುರಾಳಿ. ಅಲ್ಲಿಯವರೆಗಿನ ಐದು ಪಂದ್ಯಗಳಲ್ಲಿ ಚೀನಾ 19 ಗೋಲು ಹೊಡೆದು, ಬಿಟ್ಟುಕೊಟ್ಟದ್ದು ಕೇವಲ ಎರಡು. ಸೆಮಿಫೈನಲ್ಲಿನಲ್ಲಿ ನಾರ್ವೆಯನ್ನು 5-0ರಿಂದ ಮಣಿಸಿತ್ತು.

ಜುಲೈ 10ರಂದು ಕ್ಯಾಲಿಫೋರ್ನಿಯಾದ ರೋಸ್ ಬೌಲ್ ಕ್ರೀಡಾಂಗಣದಲ್ಲಿ ತೊಂಬತ್ತು ಸಾವಿರಕ್ಕೂ ಹೆಚ್ಚು ಜನ ನೆರೆದಿದ್ದರು. ಹೆಚ್ಚುವರಿ ಅವಧಿ ಸೇರಿ 120 ನಿಮಿಷ ಕಳೆದರೂ ಗೋಲಿಲ್ಲ. ಕೊನೆಗೆ ಪೆನಾಲ್ಟಿ ಹೊಡೆತಗಳ ಸರದಿ. ಚೀನಾದ ಮೂರನೆಯ ಹೊಡೆತವನ್ನು, ಲಿಯು ಯಿಂಗ್ ಅವರದನ್ನು, ಅಮೆರಿಕದ ಬ್ರಯಾನಾ ಸ್ಕರ್ರಿ ತಡೆದರು. ಗಾವ್ ಹಾಂಗ್ ಅವರಿಗೆ ಐದರಲ್ಲಿ ಒಂದನ್ನೂ ತಡೆಯಲಾಗಲಿಲ್ಲ. ಐದನೆಯದನ್ನು ಬ್ರಾಂಡಿ ಚೆಸ್ಟೈನ್ ಎಡಗಾಲಿನಿಂದ ಹೊಡೆದರು. ಹಾಗೆ ಹೊಡೆಯಲು ಸೂಚಿಸಿದ್ದ ಅಮೆರಿಕದ ತರಬೇತುದಾರ ಟೋನಿ ಡಿಚಿಕೊ ಕೂಡ ಹಿಂದೊಮ್ಮೆ ಗೋಲ್‌ಕೀಪರ್ ಆಗಿದ್ದವರು ಎಂಬುದು ಗಮನಾರ್ಹ. ಚೀನಾ 5-4ರಿಂದ ಸೋತಿತು.

"ಅಜ್ಜ, ಇವರು ಆಮೇಲೆ ಏನಾದರು?" ಎಂದು ಮೊಮ್ಮಗಳು ಕೇಳಿದಳು. ಅಮೆರಿಕದ ವೃತ್ತಿಪರ ಲೀಗಿನಲ್ಲಿ ನ್ಯೂಯಾರ್ಕ್ ಪವರ್ ತಂಡಕ್ಕೆ ಆಡಿದರು. ಆಟ ಬಿಟ್ಟ ಮೇಲೆ ತರಬೇತುದಾರರಾದರು ಎಂದೆ. "ಸೋತವರು ಏನು ಕಲಿಸುತ್ತಾರೆ?" ಎಂದಳು. ಆ ಮಾತು ನನ್ನನ್ನೇ ಚುಚ್ಚಿತು.

ಅದೇ 1999ರಲ್ಲಿ ನನ್ನ ಹತ್ತನೆಯ ತರಗತಿಯಲ್ಲಿ ಒಬ್ಬಳೇ ಹುಡುಗಿ ಅನುತ್ತೀರ್ಣಳಾದಳು, ಅದೂ ನಾನು ಬೋಧಿಸುತ್ತಿದ್ದ ಗಣಿತದಲ್ಲಿ. ಉಳಿದವರೆಲ್ಲ ತೇರ್ಗಡೆಯಾದರೆಂದು ಸಹೋದ್ಯೋಗಿಗಳು ಅಭಿನಂದಿಸಿದರು, ನಾನೂ ಹಿಗ್ಗಿದೆ. ಆಕೆಯ ಮನೆಗೆ ಹೋಗಿ ಪೂರಕ ಪರೀಕ್ಷೆಗೆ ಕಟ್ಟಿಸಬೇಕೆಂದುಕೊಂಡವನು ಇಂದು, ನಾಳೆ ಎಂದು ಮುಂದೂಡಿದೆ. ಕೊನೆಗೆ ಹೋದಾಗ ಮನೆಗೆ ಬೀಗ ಬಿದ್ದಿತ್ತು. ಆ ಕುಟುಂಬ ಕೂಲಿಗಾಗಿ ಊರು ಬಿಟ್ಟಿತ್ತು.

ಮರುವರ್ಷದಿಂದ ಫಲಿತಾಂಶ ಬಂದ ದಿನವೇ ಅನುತ್ತೀರ್ಣರಾದವರ ಮನೆಗೆ ಹೋಗುವುದನ್ನು ರೂಢಿಸಿಕೊಂಡೆ. "ಮೇಷ್ಟ್ರು ಬೈಯಲು ಬಂದರು" ಎಂದು ಹಿತ್ತಲಿಗೆ ಓಡಿದವರು ನಿಮ್ಮಲ್ಲೂ ಇದ್ದೀರಿ! ನಾನು ಬೈಯಲು ಬರುತ್ತಿರಲಿಲ್ಲ. ಬಿಟ್ಟುಹೋದ ಒಂದು ಚೆಂಡು ನನ್ನನ್ನು ನಿಮ್ಮ ಮನೆಗಳಿಗೆ ಕರೆತರುತ್ತಿತ್ತು.

ಗಾವ್ ಹಾಂಗ್ ತಮ್ಮ ಶಿಷ್ಯೆಯರಿಗೆ ಏನು ಹೇಳಿಕೊಟ್ಟರೋ ನಾನರಿಯೆ. ಆದರೆ ಗೋಲು ಬಿಟ್ಟ ಹುಡುಗಿ ತಲೆ ತಗ್ಗಿಸಿ ನಿಂತಾಗ ಆಕೆಯ ಪಕ್ಕದಲ್ಲಿ ನಿಲ್ಲಲು ಅವರಿಗಿಂತ ಯೋಗ್ಯರು ಯಾರು? ಮೊಮ್ಮಗಳಿಗೆ ಇಷ್ಟನ್ನೇ ಹೇಳಿದೆ.

ಆ ವಿದ್ಯಾರ್ಥಿನಿ ಈಗ ನಲವತ್ತು ದಾಟಿರಬೇಕು. ಆಕೆಯ ಸಹಪಾಠಿಗಳಲ್ಲಿ ಯಾರಿಗಾದರೂ ಸುಳಿವಿದ್ದರೆ, ಮೇಷ್ಟ್ರು ಈಗಲೂ ಕೇಳುತ್ತಿದ್ದಾರೆಂದು ಆಕೆಗೆ ತಿಳಿಸಿ.

ಶುಭಾಶೀರ್ವಾದಗಳೊಂದಿಗೆ,
ನಿಮ್ಮ ಮೇಷ್ಟ್ರು