ಡಯಲ್ ಮೇಲಿನ ನಂಬರ್: ನಿಕಾನ್ ಝಡ್‌ಎಫ್ ಬಗ್ಗೆ ಐದು ಕ್ಯಾಪ್ಷನ್

1/5
"ಝಡ್‌ಎಫ್ ತಗೊಳ್ಳಬಹುದಾ?" ಅಂತ ಕೇಳಿದವರಿಗೆಲ್ಲ ಒಟ್ಟಿಗೆ ಇಲ್ಲೇ ಉತ್ತರ ಬರೀತಿದ್ದೀನಿ. ಸ್ವಲ್ಪ ಉದ್ದ ಇದೆ. ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

ಗೊತ್ತಿಲ್ಲದವರಿಗೆ ಮೊದಲು ಪರಿಚಯ. ಇದು ನಿಕಾನ್ 2023ರ ಸೆಪ್ಟೆಂಬರ್‌ನಲ್ಲಿ ತಂದ ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ. ಒಳಗಿರೋದು 24.5 ಮೆಗಾಪಿಕ್ಸೆಲ್ ಸೆನ್ಸರ್, ಜೊತೆಗೆ ಅವರ ದುಬಾರಿ ಝಡ್9, ಝಡ್8ನಲ್ಲಿರೋ ಎಕ್ಸ್‌ಪೀಡ್ 7 ಪ್ರೊಸೆಸರ್. ಹೊರಗಿನ ರೂಪ ಮಾತ್ರ 1982ರ ಎಫ್‌ಎಂ2 ಫಿಲ್ಮ್ ಕ್ಯಾಮೆರಾದ್ದು.

ಆ ಎಫ್‌ಎಂ2 ಸಾಮಾನ್ಯದ್ದಲ್ಲ. ಅದರ ಶಟರ್ ಪೂರ್ತಿ ಮೆಕ್ಯಾನಿಕಲ್. ಬ್ಯಾಟರಿ ಬೇಕಾಗಿದ್ದು ಬೆಳಕು ಅಳೆಯೋ ಮೀಟರ್‌ಗೆ ಮಾತ್ರ. ಹಸಿರು ಕಣ್ಣಿನ ಆಫ್ಘನ್ ಹುಡುಗಿಯ ಫೋಟೋ ನೋಡಿರ್ತೀರಲ್ವಾ? 1984ರಲ್ಲಿ ಪಾಕಿಸ್ತಾನದ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕರಿ ತೆಗೆದದ್ದು. ಅವರ ಕೈಲಿದ್ದದ್ದು ಎಫ್‌ಎಂ2. ಆ ಕ್ಯಾಮೆರಾದಲ್ಲಿ ಡಯಲ್ ಅಲಂಕಾರಕ್ಕೆ ಇರಲಿಲ್ಲ. ಡಯಲ್ ತಿರುಗಿಸದಿದ್ರೆ ಶಟರ್ ಸ್ಪೀಡ್ ಬದಲಾಗ್ತಾನೇ ಇರಲಿಲ್ಲ.

ಝಡ್‌ಎಫ್‌ನ ಒಳ್ಳೇದು ಕೆಟ್ಟದ್ದು ಎರಡೂ ಇದೇ ಡಯಲ್‌ಗಳಲ್ಲಿ ಇದೆ ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಮುಂದೆ ನೋಡಿ.

2/5
ಒಳ್ಳೇದರಿಂದ ಶುರು ಮಾಡೋಣ.

ನಮ್ಮ ದೊಡ್ಡಪ್ಪನ ಮಗ, ಅಂದ್ರೆ ಅಣ್ಣ, ಹಾಸನದ ಕಡೆ ಮದುವೆ ಫೋಟೋ ತೆಗೀತಾನೆ. ಕಾಲೇಜ್ ರಜೆ ಇದ್ದಾಗ ನಾನೇ ಅವನ ಅಸಿಸ್ಟೆಂಟ್. ಹೋದ ಸೀಸನ್‌ಗೆ ಅವನು ಝಡ್‌ಎಫ್ ತಗೊಂಡ. ಮದುವೆ ಇಲ್ಲದ ದಿನ ಅದು ನನ್ನ ಕೈಗೆ ಬರುತ್ತೆ. ನಾನು ಸಂತೆಗೆ ಹೋಗ್ತೀನಿ.

ಕ್ಯಾಮೆರಾ ಆಫ್ ಇದ್ರೂ ಮೇಲಿಂದ ನೋಡಿದ್ರೆ ಐಎಸ್‌ಒ ಎಷ್ಟು, ಶಟರ್ ಎಷ್ಟು ಅಂತ ಕಾಣುತ್ತೆ. ಬಿಸಿಲಲ್ಲಿದ್ರೆ ಐಎಸ್‌ಒ 100, ಎಫ್/16, ಶಟರ್ 1/125 ಅಂತ ಇಟ್ಟುಕೊಂಡು ಹೊರಡ್ತೀನಿ. ಟಾರ್ಪಾಲ್ ನೆರಳಿಗೆ ಬಂದ್ರೆ ಡಯಲ್‌ನ ಒಂದೊಂದೇ ಹಲ್ಲು ಹಿಂದಕ್ಕೆ ತಿರುಗಿಸ್ತೀನಿ. 125ರಿಂದ 60ಕ್ಕೆ ಬಂದ್ರೆ ಬೆಳಕು ಹೆಚ್ಚುಕಮ್ಮಿ ಎರಡರಷ್ಟು. ಈ ಲೆಕ್ಕ ಯೂಟ್ಯೂಬ್‌ನಲ್ಲಿ ಹತ್ತು ಸಲ ಕೇಳಿದ್ದೆ. ತಲೆಗೆ ಹೋಗಿದ್ದು ಬೆರಳಿನಿಂದ.

ಡಯಲ್‌ಗಳು ಹಿತ್ತಾಳೆಯವು, ತಿರುಗಿಸಿದಾಗ ಅದು ಕೈಗೆ ಗೊತ್ತಾಗುತ್ತೆ. ಕಪ್ಪು ಬಿಳುಪಿಗೆ ಬೇರೆ ಲಿವರ್ ಇದೆ, ಮೆನು ಒಳಗೆ ಹುಡುಕಾಡಬೇಕಿಲ್ಲ. ಕೈ ನಡುಗಿದ್ರೂ ಸೆನ್ಸರ್ ಸರಿದೂಗಿಸುತ್ತೆ. ಅದಕ್ಕೆ ಕಂಪನಿ ಹೇಳೋದು 8 ಸ್ಟಾಪ್. ಅಡಾಪ್ಟರ್ ಹಾಕಿ ಹಳೇ ಮ್ಯಾನ್ಯುಯಲ್ 50 ಎಂಎಂ ಲೆನ್ಸ್ ಕೂರಿಸಿದ್ರೆ ಇನ್ನೂ ಮಜಾ. ಫೋಕಸ್ ನೀವೇ ತಿರುಗಿಸಬೇಕು, ಆದ್ರೆ ಎದುರಿಗಿರೋರ ಕಣ್ಣನ್ನ ಕ್ಯಾಮೆರಾನೇ ಹುಡುಕಿ ಚೌಕ ಹಾಕುತ್ತೆ. ಬಟನ್ ಒತ್ತಿದ್ರೆ ಅಲ್ಲಿಗೇ ಜೂಮ್ ಆಗುತ್ತೆ. ಹಳೇದೂ ಹೊಸದೂ ನಿಜವಾಗಿ ಕೈ ಜೋಡಿಸೋದು ಇಲ್ಲಿ.

3/5
ಈಗ ಅದೇ ಕ್ಯಾಮೆರಾ ಮದುವೆ ಮನೆಯಲ್ಲಿ.

ಚಪ್ಪರದಲ್ಲಿ ಬಿಸಿಲು, ಮಂಟಪದ ಹತ್ತಿರ ಹಳದಿ ಲೈಟು, ಒಳಗೆ ಕತ್ತಲೆ. ಅಣ್ಣ ಐಎಸ್‌ಒ ಡಯಲನ್ನ "ಸಿ"ಗೆ ತಂದು ಆಟೋ ಮಾಡ್ತಾನೆ. ಶಟರ್ ಡಯಲನ್ನ "1/3 ಸ್ಟೆಪ್"ಗೆ ತರ್ತಾನೆ. ಡಯಲ್ ಮೇಲೆ ಪೂರ್ತಿ ಸ್ಟಾಪ್‌ಗಳು ಮಾತ್ರ ಇವೆ, 125 ಆದ್ಮೇಲೆ ಸೀದಾ 250. ಮಧ್ಯದ 160, 200 ಬೇಕು ಅಂದ್ರೆ ಹೀಗೇ ಮಾಡಬೇಕು. ಆಮೇಲೆ ಎಲ್ಲಾ ಕೆಲಸ ಹಿಂದೆ ಮುಂದೆ ಇರೋ ಮಾಮೂಲಿ ಚಕ್ರಗಳಲ್ಲೇ, ಬೇರೆ ಯಾವುದೇ ಡಿಜಿಟಲ್ ಕ್ಯಾಮೆರಾ ಥರ.

"ಅಲ್ಲಣ್ಣ, ದುಡ್ಡು ಕೊಟ್ಟಿದ್ದೇ ಡಯಲ್‌ಗೆ. ಅದನ್ನ ಮುಟ್ಟೋದೇ ಇಲ್ವಲ್ಲ ನೀನು?" ಅಂದೆ.

"ನಾನು ಡಯಲ್ ತಿರುಗಿಸೋವರೆಗೂ ಮಾಂಗಲ್ಯ ಕಟ್ಟೋರು ಕಾಯ್ತಾರೇನೇ?" ಅಂದ.

ಇನ್ನೊಂದು ವಿಷಯ ಗಮನಿಸಿ. ಮೋಡ್ ಲಿವರನ್ನ ಎ ಅಥವಾ ಪಿಗೆ ಇಟ್ರೆ ಶಟರ್ ಡಯಲ್ ಕೆಲಸಾನೇ ಮಾಡಲ್ಲ. ಆದ್ರೆ ಅದರ ಮೇಲಿನ ನಂಬರ್ ಹಾಗೇ ಇರುತ್ತೆ. ಡಯಲ್ 4000 ಅಂತಿದ್ರೂ ಕ್ಯಾಮೆರಾ 1/60ರಲ್ಲಿ ತೆಗೀತಿರಬಹುದು. ಫ್ಯೂಜಿಯ ಎಕ್ಸ್-ಟಿ5 ಇಲ್ಲಿ ಪ್ರಾಮಾಣಿಕ. ಅದರ ಶಟರ್ ಡಯಲ್ ಮೇಲೇ "ಎ" ಅಂತ ಒಂದು ಜಾಗ ಇದೆ. ಕ್ಯಾಮೆರಾ ತೀರ್ಮಾನ ಮಾಡ್ತಿದ್ರೆ ಡಯಲ್ ಕೂಡ ಅದನ್ನೇ ಹೇಳುತ್ತೆ. ನೋಡಿದ್ರೆ ಸೆಟ್ಟಿಂಗ್ ಗೊತ್ತಾಗಲಿ ಅಂತ ತಾನೇ ಡಯಲ್ ಇರೋದು? ಅದು ಸುಳ್ಳು ಹೇಳಿದ್ರೆ ಉಳಿಯೋದು ಚಂದ ಮಾತ್ರ.

4/5
ಉಳಿದ ಕೊರತೆಗಳು, ಚಿಕ್ಕದಾಗಿ:

▪️ ಅಪರ್ಚರ್ ರಿಂಗ್ ಇಲ್ಲ. ಇದಕ್ಕೆ ಹೊಂದೋ 28 ಎಂಎಂ, 40 ಎಂಎಂ ಎಸ್‌ಇ ಲೆನ್ಸ್‌ಗಳು ನೋಡೋಕೆ ಹಳೇ ಲೆನ್ಸ್ ಥರ. ಇರೋ ಒಂದೇ ರಿಂಗ್‌ಗೆ ಅಪರ್ಚರ್ ಕೆಲಸ ಕೊಡಬಹುದು, ಆದ್ರೆ ಅದರ ಮೇಲೆ ನಂಬರ್ ಇಲ್ಲ. ಮೇಲ್ಗಡೆ ಪುಟ್ಟ ಕಿಟಕಿಯಲ್ಲಿ ಎಫ್ ನಂಬರ್ ನೋಡಬೇಕು. ಮೂರರಲ್ಲಿ ಎರಡು ಹಳೇದು, ಒಂದು ಹೊಸದು.

▪️ ಹಿಡಿತ. ಮುಂದೆ ಹೆಸರಿಗೆ ಒಂದು ಸಣ್ಣ ಉಬ್ಬು ಇದೆ, ಅಷ್ಟೇ. ಬ್ಯಾಟರಿ, ಕಾರ್ಡ್ ಸೇರಿ ಬಾಡಿನೇ 710 ಗ್ರಾಂ. 24-70 ಎಫ್/2.8 ಎಸ್ ಲೆನ್ಸ್ 805 ಗ್ರಾಂ. ಒಂದೂವರೆ ಕೆ.ಜಿ. ದಿನವಿಡೀ ಹಿಡಿಯೋಕೆ ಬೆರಳಿಗೆ ಆಧಾರ ಬೇಕು. ಗ್ರಿಪ್ ಬೇರೆ ಕೊಂಡು ಹಾಕಬೇಕು, ಹಾಕಿದ್ರೆ ಆ ಹಳೇ ಚಂದ ಅರ್ಧ ಹೋಯ್ತು.

▪️ ಕಾರ್ಡ್. ಒಂದು ಎಸ್‌ಡಿ, ಇನ್ನೊಂದು ಮೈಕ್ರೋ ಎಸ್‌ಡಿ. ಎರಡನೇದು ನಿಧಾನ. ಎರಡೂ ಕೆಳಗೆ ಬ್ಯಾಟರಿ ಬಾಗಿಲ ಒಳಗೆ. ನಮಗೆ ಸಂತೆಯಲ್ಲಿ ಇದು ಲೆಕ್ಕಕ್ಕಿಲ್ಲ. ಮದುವೆಯಲ್ಲಿ ಒಂದೇ ಸಲ ಎರಡು ಕಾರ್ಡ್‌ಗೂ ಬರೆಸೋರಿಗೆ ಲೆಕ್ಕಕ್ಕಿದೆ, ಯಾಕಂದ್ರೆ ಧಾರೆ ಮುಹೂರ್ತ ಇನ್ನೊಂದ್ಸಲ ಬರಲ್ಲ.

▪️ ಫೋಕಸ್ ಪಾಯಿಂಟ್ ಸರಿಸೋಕೆ ಜಾಯ್‌ಸ್ಟಿಕ್ ಇಲ್ಲ.

5/5
ಈಗ ದುಡ್ಡು. ಬಿಕಾಂ ಓದ್ತಿರೋದಕ್ಕೆ ಇಷ್ಟಾದ್ರೂ ಉಪಯೋಗ ಆಗಲಿ.

2025ರಲ್ಲಿ ನಿಕಾನ್ ಝಡ್5 ಟು ಬಂತು. ಇದೇ 24.5 ಮೆಗಾಪಿಕ್ಸೆಲ್, ಇದೇ ಎಕ್ಸ್‌ಪೀಡ್ 7. ಅದರಲ್ಲಿ ಒಳ್ಳೇ ಗ್ರಿಪ್ ಇದೆ, ಜಾಯ್‌ಸ್ಟಿಕ್ ಇದೆ, ಎರಡು ಪೂರ್ಣ ಎಸ್‌ಡಿ ಸ್ಲಾಟ್ ಇದೆ. ಬಿಡುಗಡೆಯಾದಾಗ ಅಮೆರಿಕದಲ್ಲಿ ಬಾಡಿ ಬೆಲೆ ಸುಮಾರು 1,700 ಡಾಲರ್. ಝಡ್‌ಎಫ್ ಬಂದಾಗ ಸುಮಾರು 2,000. ನಡುವಿನ 300 ಡಾಲರ್ ಅನ್ನೋದು, ಹೆಚ್ಚುಕಮ್ಮಿ, ಡಯಲ್‌ಗೂ ರೂಪಕ್ಕೂ ನೀವು ಕೊಡೋ ಬೆಲೆ.

ಅದು ಖರ್ಚಾ, ಆಸ್ತಿಯಾ? ಉತ್ತರ ಕ್ಯಾಮೆರಾದಲ್ಲಿಲ್ಲ, ನಿಮ್ಮ ವಾರದಲ್ಲಿದೆ. ವಾರದಲ್ಲಿ ಎಷ್ಟು ಗಂಟೆ ಆ ಡಯಲ್‌ಗಳು ನಿಜವಾಗಿ ಕೆಲಸ ಮಾಡುತ್ತವೆ, ಎಷ್ಟು ಗಂಟೆ "ಸಿ"ಯಲ್ಲಿ ಸುಮ್ಮನೆ ಕೂತಿರುತ್ತವೆ, ಬರೆದು ನೋಡಿ. ಬರೀ ಫಂಕ್ಷನ್ ಕೆಲಸಕ್ಕೆ ಇಎಂಐ ಹಾಕಿ ತಗೊಳ್ಳೋರು ಝಡ್5 ಟು ನೋಡಿ, ಉಳಿದ ದುಡ್ಡು ಲೆನ್ಸ್‌ಗೆ ಹಾಕಿ. ನಿಧಾನವಾಗಿ ನಡೆದಾಡಿ ನಿಮಗೋಸ್ಕರ ತೆಗೆಯೋರಾದ್ರೆ, ಬೆಳಕನ್ನ ಕಲೀಬೇಕು ಅನ್ನೋರಾದ್ರೆ, ಝಡ್‌ಎಫ್ ಕೊಡೋ ಖುಷಿ ಸುಳ್ಳಲ್ಲ.

ಈ ಲೆಕ್ಕವನ್ನೆಲ್ಲ ಅಣ್ಣನಿಗೆ ಪೇಪರ್ ಮೇಲೆ ಬರೆದು ತೋರಿಸಿದೆ. ಪೂರ್ತಿ ನೋಡಿದ. "ಲೆಕ್ಕ ಸರಿ ಇದೆ ಕಣೇ. ಮದುವೆ ನನ್ನ ಕೆಲಸ, ಫೋಟೋ ನನ್ನ ಇಷ್ಟ. ಎರಡಕ್ಕೂ ಎರಡು ಕ್ಯಾಮೆರಾ ತಗೊಳ್ಳೋ ಯೋಗ್ಯತೆ ಸದ್ಯಕ್ಕಿಲ್ಲ. ಇಷ್ಟದ್ದು ತಗೊಂಡು ಕೆಲಸ ಮಾಡಿಸ್ತೀನಿ" ಅಂದ. ಅವನ ಕಂತು ಅವನೇ ಕಟ್ಟುತ್ತಾನೆ, ಏನು ಬಿಟ್ಟುಕೊಟ್ಟಿದ್ದೀನಿ ಅಂತ ಗೊತ್ತಿದ್ದೇ ಕಟ್ಟುತ್ತಾನೆ. ಅದಕ್ಕೆ ನಾನು ಏನೂ ಹೇಳಲಿಲ್ಲ.

ನೀವೂ ಗೊತ್ತಿದ್ದೇ ತಗೊಳ್ಳಿ ಅನ್ನೋದಷ್ಟೇ ನಾನು ಹೇಳೋದು. ಅಂಗಡಿಯಲ್ಲಿ ಕೈಗೆತ್ತಿಕೊಂಡ ಮೊದಲ ಐದು ನಿಮಿಷ ಅದು ಎಲ್ಲರಿಗೂ ಇಷ್ಟ ಆಗುತ್ತೆ. ಆದ್ರೆ ಕಂತು ಇರೋದು ತಿಂಗಳುಗಟ್ಟಲೆ.

ನಿಮ್ಮ ವಾರದ ಲೆಕ್ಕ ಕಾಮೆಂಟ್‌ನಲ್ಲಿ ಹಾಕಿ. ಎಲ್ಲಾ ಓದ್ತೀನಿ 📷

#ಕನ್ನಡಫೋಟೋಗ್ರಫಿ #ಕ್ಯಾಮೆರಾಲೆಕ್ಕ