ಮರೆತ ಲೇಪ

ಹೇಳಿಕೊಳ್ಳಲು ಸಂಕೋಚವೆನಿಸುವ ಸಂಗತಿಯೊಂದನ್ನು ಇಂದು ವಾಚಕ ಸೋದರಿಯರಲ್ಲಿ ಅರಿಕೆ ಮಾಡುತ್ತಿದ್ದೇವೆ. ಮನೆಯ ಗಂಡಸರೂ ಇದನ್ನು ಓದಿದರೆ ಒಳಿತೇ ಹೊರತು ಕೇಡಿಲ್ಲ.

ನಮಗೆ ಮುಟ್ಟು ನಿಂತದ್ದು 48ನೆಯ ವಯಸ್ಸಿನಲ್ಲಿ. ನಮ್ಮ ದೇಶದ ಹೆಂಗಸರಿಗೆ ಸಾಮಾನ್ಯವಾಗಿ 46–47ರ ಸುಮಾರಿಗೆ ಇದು ಆಗುವುದೆಂದು ವೈದ್ಯರು ಹೇಳುತ್ತಾರೆ. ಆದುದರಿಂದ ಅದರಲ್ಲಿ ವಿಶೇಷವೇನೂ ಇರಲಿಲ್ಲ. ಅದರ ಬೆನ್ನಿಗೆ ಬಂದ ಉಪದ್ರವವು ಮಾತ್ರ ನಮ್ಮನ್ನು ಹಣ್ಣುಮಾಡಿತು. ಒಲೆಯ ಮುಂದೆ ಇಲ್ಲದಿರುವಾಗಲೂ ಎದೆಯಿಂದ ಕೆನ್ನೆಯವರೆಗೆ ಝಳವೇರುವುದು, ಮಾಘದ ಚಳಿಯಲ್ಲಿಯೂ ನಡುರಾತ್ರಿ ರವಿಕೆ ತೊಯ್ದುಹೋಗುವುದು, ನಿದ್ರೆಯಿಲ್ಲದೆ ಬೆಳಗಾಗುವುದು, ಬೆಳಗಾದರೆ ಸೊಸೆಯ ಮೇಲೆ ಕಾರಣವಿಲ್ಲದೆ ಸಿಡುಕುವುದು. ಹೀಗೆ ಒಂದೂವರೆ ವರ್ಷ ಕಳೆಯಿತು. ಕೊನೆಗೆ ಲೇಡಿ ಡಾಕ್ಟರೊಬ್ಬರಲ್ಲಿಗೆ ಹೋದೆವು. ಅವರು ರಕ್ತದೊತ್ತಡ ಮೊದಲಾದುವನ್ನು ಪರೀಕ್ಷಿಸಿ, ಸ್ತನದ ಕ್ಯಾನ್ಸರ್ ಆಗಲಿ ರಕ್ತ ಹೆಪ್ಪುಗಟ್ಟುವ ರೋಗವಾಗಲಿ ನಮಗೋ ಮನೆತನದವರಿಗೋ ಉಂಟಾಗಿತ್ತೇ ಎಂದು ವಿಚಾರಿಸಿ, ಎರಡು ಮದ್ದುಗಳನ್ನು ಬರೆದುಕೊಟ್ಟರು. ಒಂದು, ಈಸ್ಟ್ರೋಜೆನ್ ಎಂಬ ಹಾರ್ಮೋನುಳ್ಳ ಲೇಪ. ಇದನ್ನು ದಿನಕ್ಕೊಮ್ಮೆ, ಹೇಳಿದ ಅಳತೆಯಷ್ಟೇ, ತೋಳಿಗೆ ಸವರತಕ್ಕದ್ದು, ಎದೆಗೆ ಸವರಕೂಡದು. ಇನ್ನೊಂದು, ರಾತ್ರಿ ಮಲಗುವಾಗ ನುಂಗತಕ್ಕ ಪ್ರೊಜೆಸ್ಟರಾನ್ ಗುಳಿಗೆ.

ಕೆಲವು ವಾರಗಳಲ್ಲಿ ಝಳ ತಗ್ಗಿತು, ನಿದ್ರೆ ಮರಳಿತು. ಆದರೆ ಈ ಮದ್ದಿನ ಸಮಾಚಾರವನ್ನು ನಾವು ಮನೆಯಲ್ಲಿ ಯಾರಿಗೂ ತಿಳಿಸಿರಲಿಲ್ಲ. ಮೊಮ್ಮಗನನ್ನು ಎತ್ತಿ ಆಡಿಸುವ ವಯಸ್ಸಿನಲ್ಲಿ ಇವಳಿಗೇಕೆ ಇದೆಲ್ಲ ಎಂದಾರೆಂಬ ನಾಚಿಕೆ. ಲೇಪವನ್ನು ಬೀರುವಿನಲ್ಲಿ ರೇಷ್ಮೆಸೀರೆಗಳ ಅಡಿಗೆ ಬಚ್ಚಿಟ್ಟು, ಬಾಗಿಲು ಹಾಕಿಕೊಂಡು ಕಳ್ಳರಂತೆ ಹಚ್ಚಿಕೊಳ್ಳುತ್ತಿದ್ದೆವು.

ಹೀಗಿರಲಾಗಿ, ನಾದಿನಿಯ ಮಗಳ ಮದುವೆಗೆಂದು ಶಿವಮೊಗ್ಗೆಗೆ ಹೋಗಬೇಕಾಯಿತು. ಒಂದು ಕೋಣೆಯಲ್ಲಿ ಹತ್ತು ಮಂದಿ ಹೆಂಗಸರು. ಬಚ್ಚಲುಮನೆಯ ಬಾಗಿಲಿಗೆ ಸದಾ ಒಬ್ಬರಲ್ಲ ಒಬ್ಬರ ತಟ್ಟು. ಲೇಪವನ್ನು ಪೆಟ್ಟಿಗೆಯಿಂದ ಹೊರತೆಗೆಯುವ ಧೈರ್ಯವೇ ನಮಗಾಗಲಿಲ್ಲ. ಗುಳಿಗೆಯು ನಿದ್ದೆ ಬರಿಸುವುದೆಂದು, ಬೆಳಗಿನ ಜಾವಕ್ಕೇ ಏಳಬೇಕಾದ ಮದುವೆಮನೆಯಲ್ಲಿ ಅದನ್ನೂ ಬಿಟ್ಟೆವು. ಐದು ದಿನ ಹೀಗೆ ಸಂದುವು. ಊರಿಗೆ ಹಿಂದಿರುಗುವಷ್ಟರಲ್ಲಿ ಝಳ ಮತ್ತೆ ಹತ್ತಿತ್ತು. ಚೀಟಿಯ ಕಂತು ತಪ್ಪಿದರೆ ಮುಂದಿನ ತಿಂಗಳು ಎರಡನ್ನೂ ಕಟ್ಟುವುದಿಲ್ಲವೇ, ಅದೇ ಲೆಕ್ಕದಲ್ಲಿ ನಾವು ನಾಲ್ಕು ದಿನ ಎರಡೆರಡು ಅಳತೆ ಲೇಪ ಸವರಿಕೊಂಡೆವು. ಸ್ತನಗಳು ಮುಟ್ಟಿದರೆ ನೋಯತೊಡಗಿದುವು, ತಲೆಭಾರ, ಓಕರಿಕೆ. ಐದನೆಯ ಬೆಳಿಗ್ಗೆ ಸೀರೆಯಲ್ಲಿ ರಕ್ತದ ಕಲೆ ಕಂಡಿತು.

ಮುಟ್ಟು ನಿಂತು ಎರಡು ವರ್ಷವಾದ ಮೇಲೆ ರಕ್ತ! ಗರ್ಭಕೋಶದ ಕ್ಯಾನ್ಸರಿನಿಂದ ತೀರಿಕೊಂಡ ನಮ್ಮ ದೊಡ್ಡಮ್ಮ ಕಣ್ಣ ಮುಂದೆ ಬಂದರು. ಎರಡು ರಾತ್ರಿ ಯಾರಿಗೂ ಹೇಳದೆ ಹೊರಳಾಡಿದೆವು. ಮೂರನೆಯ ದಿನ ಹಿತ್ತಿಲ ಒಗೆಯುವ ಕಲ್ಲಿನ ಬಳಿ ಕುಳಿತು ಅಳುತ್ತಿದ್ದುದನ್ನು ಸೊಸೆ ಕಂಡಳು. “ಅತ್ತೆ, ಏನಾಯಿತು? ನನ್ನ ಹತ್ತಿರ ಹೇಳಬಾರದೇ?” ಎಂದಳು. ನಾವು ಸುಮ್ಮಸುಮ್ಮನೆ ಸಿಡುಕುತ್ತಿದ್ದ ಆ ಹುಡುಗಿಯೇ ಅಂದು ಮಧ್ಯಾಹ್ನ ನಮ್ಮನ್ನು ಡಾಕ್ಟರಲ್ಲಿಗೆ ಕರೆದೊಯ್ದಳು.

ಡಾಕ್ಟರು ಸ್ಕ್ಯಾನ್ ಮಾಡಿಸಿ, ಗರ್ಭಕೋಶದ ಒಳಪದರವು ತೆಳ್ಳಗೆ ಇದೆ, ಭಯವಿಲ್ಲ ಎಂದರು. ಬಳಿಕ ನಗುತ್ತ, “ಮದ್ದೇನು ಬಡ್ಡಿಸಾಲವೇ ತಾಯಿ, ಒಟ್ಟಿಗೆ ತೀರಿಸುವುದಕ್ಕೆ?” ಎಂದು ಕೇಳಿದರು. ಅವರು ವಿವರಿಸಿದ ಸಾರಾಂಶವಿದು. ಲೇಪ ನಿಂತರೆ ರಕ್ತದಲ್ಲಿ ಹಾರ್ಮೋನು ಬೇಗನೆ ಇಳಿಯುತ್ತದೆ. ಆಧಾರ ತಪ್ಪಿದ ಒಳಪದರವು ಸ್ವಲ್ಪ ಸ್ವಲ್ಪವಾಗಿ ಕಳಚಿ ರಕ್ತ ತೋರಬಹುದು. ಇಮ್ಮಡಿ ಸವರಿದರೆ ಕಳೆದುಹೋದ ದಿನ ಮರಳುವುದಿಲ್ಲ. ಸ್ತನದ ನೋವು, ಓಕರಿಕೆ ಮಾತ್ರ ಬರುತ್ತವೆ. ನಾವು ಹಚ್ಚುವಂಥ ದಿನದ ಲೇಪವನ್ನು ಮರೆತು 12 ಗಂಟೆಯೊಳಗೆ ನೆನಪಾದರೆ ಕೂಡಲೆ ಹಚ್ಚಬೇಕು. 12 ಗಂಟೆ ಮೀರಿದ್ದರೆ ಅದನ್ನು ಬಿಟ್ಟು, ಮರುದಿನ ವಾಡಿಕೆಯ ಹೊತ್ತಿಗೆ ಒಂದೇ ಅಳತೆ ಹಚ್ಚಬೇಕು. ಚರ್ಮಕ್ಕೆ ಅಂಟಿಸುವ ಪಟ್ಟಿಯನ್ನು ಬಳಸುವವರು ಬದಲಾಯಿಸಲು ಮರೆತರೆ, ನೆನಪಾದೊಡನೆ ಬದಲಾಯಿಸಿ, ಮುಂದಿನದನ್ನು ಮೊದಲು ಗೊತ್ತುಮಾಡಿದ ವಾರದಂದೇ ಬದಲಾಯಿಸತಕ್ಕದ್ದು. ಔಷಧದಿಂದ ಔಷಧಕ್ಕೆ ನಿಯಮ ಬೇರಾಗುವುದರಿಂದ ಪೊಟ್ಟಣದೊಳಗಿನ ಕಾಗದವನ್ನು ಎಸೆಯದೆ ಇಟ್ಟುಕೊಳ್ಳಬೇಕು.

ಅವರು ನಗದೆ ಹೇಳಿದ ಮಾತು ಗುಳಿಗೆಯ ವಿಷಯ. ಈಸ್ಟ್ರೋಜೆನ್ ಒಂದೇ ಆದರೆ ಗರ್ಭಕೋಶದ ಒಳಪದರವನ್ನು ದಪ್ಪಗಾಗಿಸುತ್ತದೆ. ಅದನ್ನು ತಡೆಯುವುದು ಪ್ರೊಜೆಸ್ಟರಾನ್. ಗರ್ಭಕೋಶವಿರುವವರು ಲೇಪ ಹಚ್ಚುತ್ತ ಗುಳಿಗೆಯನ್ನು ಪದೇ ಪದೇ ಬಿಟ್ಟರೆ, ನಾವು ಹೆದರಿದ ರೋಗಕ್ಕೆ ನಾವೇ ದಾರಿ ಮಾಡಿಕೊಟ್ಟಂತಾದೀತು. ಮುಟ್ಟು ನಿಂತ ಮೇಲೆ ಯಾವಾಗ ರಕ್ತ ಕಂಡರೂ, ಮದ್ದು ಮರೆತದ್ದರಿಂದಲೇ ಇರಬಹುದೆಂದು ತೋರಿದರೂ, ವೈದ್ಯರಿಗೆ ತೋರಿಸದೆ ಇರಕೂಡದು.

ಅಂದು ಸಂಜೆ ನಮ್ಮ ಯಜಮಾನರಿಗೂ ಎಲ್ಲವನ್ನೂ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಷ್ಟು ದಿನ ನಿನಗೆ ನಿದ್ದೆಯಿಲ್ಲದ್ದು ನನಗೆ ಗೊತ್ತೇ ಆಗಲಿಲ್ಲವಲ್ಲ” ಎಂದಷ್ಟೇ ಅಂದರು. ಈಗ ಲೇಪವು ಕನ್ನಡಿಯ ಗೂಡಿನಲ್ಲಿ ಕುಂಕುಮದ ಭರಣಿಯ ಪಕ್ಕದಲ್ಲಿದೆ. ಬೆಳಿಗ್ಗೆ ಸ್ನಾನವಾದ ಮೇಲೆ ಹಚ್ಚಿ, ಕೈಯನ್ನು ಸೋಪಿನಿಂದ ತೊಳೆದು, ಲೇಪ ಆರಿದ ಮೇಲೆ ರವಿಕೆಯ ತೋಳಿನಿಂದ ಮುಚ್ಚುತ್ತೇವೆ; ಮದ್ದು ಮಗುವಿನ ಮೈಗೆ ತಾಗಬಾರದೆಂದು ಒಂದು ಗಂಟೆ ಮೊಮ್ಮಗನನ್ನು ಎತ್ತಿಕೊಳ್ಳುವುದಿಲ್ಲ. ಅವನು ಅತ್ತರೆ ಸೊಸೆ, “ಅಜ್ಜಿ ಮದ್ದು ಹಚ್ಚಿದ್ದಾರೆ, ತಾಳು ಕಂದ” ಎನ್ನುತ್ತಾಳೆ. ಯಜಮಾನರು ಕ್ಯಾಲೆಂಡರಿನ ಹಾಳೆ ಹರಿಯುವಾಗ, “ಆಯಿತೇ?” ಎಂದು ಕೇಳುತ್ತಾರೆ. ಮುಂದಿನ ತಿಂಗಳು ಇನ್ನೊಂದು ಮದುವೆಯಿದೆ. ಈ ಸಲ ಲೇಪವನ್ನೂ ಗುಳಿಗೆಯನ್ನೂ ಕೈಚೀಲದಲ್ಲಿ ಮೇಲುಗಡೆಯೇ ಇಟ್ಟುಕೊಂಡು ಹೋಗುವೆವು.