ತಡಸದ ಬಿಸಿಲಿಗೆ ಹರವಿದ ಕೌದಿಗಳು

ಹುಬ್ಬಳ್ಳಿಯಿಂದ ಮುಂಡಗೋಡಕ್ಕೆ ಹೋಗುವ ದಾರಿಯಲ್ಲಿ ತಡಸ ಸಿಗುತ್ತದೆ. ಮೊದಲು ಧಾರವಾಡ ಜಿಲ್ಲೆಯಲ್ಲಿದ್ದು 1997ರಿಂದ ಹಾವೇರಿ ಜಿಲ್ಲೆಗೆ ಸೇರಿದ ಶಿಗ್ಗಾಂವಿ ತಾಲೂಕಿನ ಊರು ಇದು. ಬಯಲುಸೀಮೆ ಮುಗಿಯುತ್ತ ಬಂದು ಮಲೆನಾಡಿನ ಸೆರಗು ಕಾಣತೊಡಗುವ ನೆಲ. ತಡಸವೆಂದೊಡನೆ ಗಾಯತ್ರಿ ತಪೋಭೂಮಿಯನ್ನು ನೆನೆಯುವವರೇ ಬಹಳ. ನಾನು ಹೋದದ್ದು ಮಾತ್ರ ಪರಿಚಿತ ಭಕ್ತರೊಬ್ಬರ ಮನೆಗೆ, ಕಳೆದ ವರ್ಷ ಮಹಾನವಮಿಗೆ ಇನ್ನೂ ಒಂದು ವಾರವಿರುವಾಗ.

ನವರಾತ್ರಿಗೆ ಮುನ್ನ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಒಗೆದು ಶುಚಿಗೊಳಿಸುವುದು ನಮ್ಮ ಕಡೆಯ ರೂಢಿ. ಅಂದು ಬೆಳಗಿನ ಬಿಸಿಲಿನಲ್ಲಿ ಆ ಓಣಿಯ ಗೋಡೆ, ಕಟ್ಟೆ, ಬೇಲಿ, ಬಣವೆಗಳ ಮೇಲೆಲ್ಲ ಕೌದಿಗಳು ಹರವಿಕೊಂಡಿದ್ದವು. ಕೆಂಪು, ಹಸಿರು, ಮಾಸಿದ ನೀಲಿ, ಇಳಕಲ್ಲ ಸೀರೆಯ ಅಂಚು, ಧೋತರದ ಬಿಳುಪು! ಪಟ್ಟಣದವರು ಸಭಾಗೃಹ ಹಿಡಿದು ದೀಪ ಬೆಳಗಿಸಿ ನಡೆಸುವ ಪ್ರದರ್ಶನವನ್ನು ಈ ಊರು ಯಾವ ಆಮಂತ್ರಣವೂ ಇಲ್ಲದೆ ವರ್ಷಕ್ಕೊಮ್ಮೆ ನಡೆಸುತ್ತದೆ.

ಕೌದಿ ಹೊಲಿಯುವ ಬಗೆಯನ್ನು ಇಂದಿನ ಮಕ್ಕಳು ಕಂಡಿರಲಾರರು. ಹಳೆಯ ಸೀರೆ ಧೋತರಗಳನ್ನು ನೆಲದ ಮೇಲೆ ಪದರು ಪದರಾಗಿ ಹಾಸಿ, ಮೂಲೆಗಳಿಗೆ ಕಲ್ಲು ಹೇರಿ, ಮೇಲೆ ಬಣ್ಣದ ತುಂಡುಗಳನ್ನು ಹೊಂದಿಸಿ, ಉದ್ದಕ್ಕೂ ಸಾಲುಹೊಲಿಗೆ ಹಾಕುತ್ತ ಹೋಗುತ್ತಾರೆ. ಹೊಲಿಗೆ ಒತ್ತಾದಷ್ಟೂ ಕೌದಿಗೆ ಆಯುಷ್ಯ ಹೆಚ್ಚು. ಬಟ್ಟೆ ಹಳತಾದಷ್ಟೂ ಮೃದು. ಆದುದರಿಂದಲೇ ಬಾಣಂತಿಗೂ ತೊಟ್ಟಿಲ ಕೂಸಿಗೂ ಹೊಸ ಬಟ್ಟೆಗಿಂತ ಇದೇ ಹಿತ. ಈಗಿನ ಪಾಲಿಯೆಸ್ಟರ್ ಸೀರೆಗಳಿಂದಲೂ ಕೌದಿ ಹೊಲಿಸುವವರಿದ್ದಾರೆ. ಅದು ಬೆವರು ಹೀರದು, ಬೇಸಿಗೆಯಲ್ಲಿ ಮೈಗೆ ಒಗ್ಗದು.

ನಾನು ಹೋದ ಮನೆಯ ಹಿರಿಯ ತಾಯಿಗೆ ಎಂಬತ್ತು ದಾಟಿದೆ. ಕಟ್ಟೆಯ ಮೇಲೆ ಕೋಲು ಹಿಡಿದು ಕುಳಿತು ಕೌದಿಗಳನ್ನು ಕಾಯುತ್ತಿದ್ದರು. ನಾನು ಕುತೂಹಲದಿಂದ ನೋಡುತ್ತಿರುವುದನ್ನು ಕಂಡು ಕೋಲಿನ ತುದಿಯಿಂದಲೇ ತೋರಿಸತೊಡಗಿದರು.

“ಇದು ನಮ್ಮ ಮಾವನೋರ ಧೋತರ ನೋಡ್ರಿ ಶಾಸ್ತ್ರಿಗಳ. ಇದು ನನ್ನ ಮದವಿ ಸೀರಿ. ಈ ಹಸರ ತುಂಡು ಹಿರೇಮಗಳು ಸಾಲಿಗೆ ಹಾಕ್ಕೊಂಡು ಹೋಗತಿದ್ದ ಲಂಗ.”

ಒಂದು ಮೂಲೆಯಲ್ಲಿ ಅಂಗೈಯಗಲದ ಖಣದ ತುಂಡಿತ್ತು. ಅಲ್ಲಿ ಕೋಲು ನಿಂತಿತು.

“ಇದು ಕೂಸಿನ ಕುಂಚಗೀದು. ಆ ಕೂಸು ಉಳೀಲಿಲ್ಲರಿ.”

ಇಷ್ಟು ಹೇಳಿ ಅವರು ಮುಂದಿನ ತುಂಡಿಗೆ ಹೋದರು. ತೀರಿದವರು, ಲಗ್ನವಾಗಿ ಹೋದವರು, ಬೇರೆ ಮನೆ ಮಾಡಿಕೊಂಡವರು ಎಲ್ಲರೂ ಆ ಒಂದೇ ಹೊದಿಕೆಯಲ್ಲಿದ್ದರು. ಅರವತ್ತು ವರ್ಷಗಳ ಸಂಸಾರವನ್ನು ಆ ತಾಯಿ ಒಂದು ತುಂಡೂ ತಪ್ಪದೆ ಓದಿ ಹೇಳಿದರು.

“ಹೊಲಿದವರು ಯಾರವ್ವಾ?” ಎಂದು ಕೇಳಿದೆ.

“ಗೋಂಧಳ್ಯಾರಾಕಿ ಬರತಿದ್ಲರಿ. ಸುಗ್ಗಿ ಮುಗದ ಮ್ಯಾಲೆ ಬಂದು ಪಡಸಾಲ್ಯಾಗ ಕುಂತು ಹೊಲದು ಕೊಟ್ಟು ಹೋಗತಿದ್ಲು. ಜ್ವಾಳ ಕೊಡತಿದ್ವಿ, ಊಟಕ್ಕ ಹಾಕತಿದ್ವಿ.”

“ಹೆಸರು?”

“ಹೆಸರ ಯಾರ ಕೇಳ್ಯಾರರಿ! ಕೌದ್ಯಾಕಿ ಅಂತಿದ್ವಿ.”

ಆ ಮಾತು ನನಗೇ ತಗಲಿತು. ಹತ್ತನೆಯ ವಯಸ್ಸಿನಲ್ಲಿ ಮಠಕ್ಕೆ ಓದಲು ಹೊರಟಾಗ ನನ್ನ ತಾಯಿ ಒಂದು ಕೌದಿ ಕೊಟ್ಟಿದ್ದರು. ಅದರ ಮೇಲೆ ಕುಳಿತು ಅಮರಕೋಶ ಬಾಯಿಪಾಠ ಮಾಡಿದೆ, ವಚನಗಳನ್ನು ಕಲಿತೆ. ಅದನ್ನೇ ಹೊದ್ದು ಮಲಗಿದೆ. ಸೂಜಿಕಾಯಕದ ರಾಮಿತಂದೆ, ಕದಿರ ರೆಮ್ಮವ್ವೆ ಎಂದು ನಮ್ಮ ಶರಣರ ಹೆಸರುಗಳಲ್ಲಿ ಕಾಯಕವೂ ಹೆಸರೂ ಜೊತೆಯಾಗಿಯೇ ಉಳಿದಿವೆಯೆಂದು ಅದೆಷ್ಟೋ ಪ್ರವಚನಗಳಲ್ಲಿ ವಿವರಿಸಿದ್ದೇನೆ. ನನ್ನ ಕೌದಿ ಹೊಲಿದಾಕೆ ನಮ್ಮ ಮನೆಯ ಪಡಸಾಲೆಯಲ್ಲಿಯೇ ಕುಳಿತಿದ್ದಳು. ಆಕೆಯ ಹೆಸರನ್ನು ತಾಯಿಯಿಂದ ಕೇಳಿ ತಿಳಿಯಬೇಕೆಂದು ನನಗೆ ತೋಚಲೇ ಇಲ್ಲ. ಈಗ ಕೇಳಲು ತಾಯಿಯೂ ಇಲ್ಲ.

ಇದೇ ರಸ್ತೆಯಲ್ಲಿ ಮುಂದೆ ಸಾಗಿದರೆ ಮುಂಡಗೋಡ. ಅದರಾಚೆ ಯಲ್ಲಾಪುರ, ಹಳಿಯಾಳಗಳ ಕಾಡು. ಅಲ್ಲಿ ಸಿದ್ದಿ ಜನಾಂಗದವರು ನೆಲೆಸಿದ್ದಾರೆ. ಆಫ್ರಿಕಾ ಮೂಲದ ಈ ಜನರಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಮೂರೂ ಮತಗಳ ಮನೆಗಳಲ್ಲಿ ಕೌದಿಯಿದೆ. ಅವರು ಅದನ್ನು ಕವಂದಿ ಎನ್ನುತ್ತಾರೆ. ನಮ್ಮ ಸಾಲುಹೊಲಿಗೆಯಂತಲ್ಲ, ಒಂದು ಮೂಲೆಯಿಂದ ಹಿಡಿದು ಅಂಚಿನ ಗುಂಟ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ಮುಕ್ಕೋನವಾಗಿ ಮಡಿಚಿ ‘ಫೂಲ’ ಇಡುತ್ತಾರೆ. ಅದಿಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ.

ಅಮೆರಿಕೆಯ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕವಂದಿಗಳನ್ನು ಅಭ್ಯಾಸ ಮಾಡಿದರು. ಹೊಲಿಯುವ ಮಹಿಳೆಯರದೊಂದು ಸಹಕಾರ ಕೂಟ ರೂಪುಗೊಳ್ಳಲೂ ನೆರವಾದರು. 2011ರಲ್ಲಿ ನ್ಯೂಯಾರ್ಕ್ ನಗರದ ಹಾರ್ಲೆಮ್‌ನಲ್ಲಿರುವ ಶಾಂಬರ್ಗ್ ಕೇಂದ್ರದಲ್ಲಿ ಸಿದ್ದಿ ಕವಂದಿಗಳ ಪ್ರದರ್ಶನ ನಡೆಯಿತು. ಹಾಸಿ ಹೊದೆಯುವ ವಸ್ತುವನ್ನು ಗೋಡೆಗೆ ತೂಗುಹಾಕುವುದು ಮೊದಲು ನನಗೆ ಸರಿಬರಲಿಲ್ಲ. ಆದರೆ ಆ ವಿದ್ವಾಂಸರು ತಮ್ಮ ಬರಹಗಳಲ್ಲಿ ಹೊಲಿದ ಹೆಣ್ಣುಮಕ್ಕಳ ಹೆಸರುಗಳನ್ನು ದಾಖಲಿಸಿದ್ದಾರೆ. ಸಾಗರದಾಚೆಯಿಂದ ಬಂದವರು ಕೇಳಿದ ಪ್ರಶ್ನೆಯನ್ನು ಪಡಸಾಲೆಯಲ್ಲಿ ಊಟಕ್ಕಿಟ್ಟ ನಾವು ಕೇಳಲಿಲ್ಲ.

ಹೊತ್ತು ಇಳಿಯುತ್ತಿದ್ದಂತೆ ಸೊಸೆ ಬಂದು ಕೌದಿಗಳನ್ನು ಕೊಡವಿ ಮಡಿಸತೊಡಗಿದರು. ಈಗಲೂ ಹೊಲಿಯುವವರು ಬರುತ್ತಾರೆಯೇ ಎಂದು ವಿಚಾರಿಸಿದೆ.

“ಒಬ್ಬಾಕಿ ಬರತಾಳರಿ. ಅಕಿ ಮಗಳಿರಬೇಕು, ಇಲ್ಲಾ ಸೊಸಿ ಇರಬೇಕು. ಈಗ ಜ್ವಾಳ ಒಲ್ಲೆ ಅಂತಾಳ, ರೊಕ್ಕಾನ ಬೇಕು. ಹ್ವಾದ ವರ್ಷ ಬಂದಾಗ ಹೊಲಸಲಿಲ್ಲ, ಹಳೇ ಅರಿವಿ ಇರಲಿಲ್ಲ.”

“ಈ ಸಲ ಬಂದರ ಹೊಲಸೂಣು” ಎಂದರು ಕಟ್ಟೆಯ ಮೇಲಿದ್ದ ತಾಯಿ. “ನನ್ನ ಎರಡು ಸೀರಿ ಅದಾವು. ಹೆಸರೂ ಕೇಳೂಣು.”

ಸೊಸೆ ನಕ್ಕು, ಖಣದ ತುಂಡಿದ್ದ ಮೂಲೆ ಒಳಗೆ ಬರುವಂತೆ ಕೌದಿಯನ್ನು ಮಡಿಸಿ ಒಳಗೆ ಒಯ್ದರು.